ಮುಂದಿನ ಬ್ರೇಕಿನ ಕಿರುಚಾಟ: ಓರೆ ಕೊಡುವ ಮುಂಚೆ ಸಡಿಲ ನೋಡಬೇಕಿತ್ತು

ಹೊರೆ ಹೇರಿಕೊಂಡು ದೂರ ಹೋಗಲೆಂದೇ ಇಟ್ಟುಕೊಂಡಿರುವ ನನ್ನ ಟೂರಿಂಗ್ ಸೈಕಲ್ಲಿನ ಮುಂದಿನ ಬ್ರೇಕು, ಕೆಲವು ವಾರ ಮಳೆಯಲ್ಲಿ ಓಡಿದ ಮೇಲೆ, ಕಿರುಚಲು ಆರಂಭಿಸಿತು. ಸೈಕಲ್ಲಿನದು ಉಕ್ಕಿನ ಫ್ರೇಮು, ಉಕ್ಕಿನ ಫೋರ್ಕು, ಅಲ್ಯೂಮಿನಿಯಂ ರಿಮ್ಮು. ಎರಡೂ ಚಕ್ರಗಳಿಗೆ ಕ್ಯಾಂಟಿಲಿವರ್ ಬ್ರೇಕು, ಅಂದರೆ ಚಕ್ರದ ಎರಡು ಬದಿಯ ಗಿಡ್ಡ ತೋಳುಗಳನ್ನು ನಡುವಿನ ಕೇಬಲ್ಲು ಮೇಲಕ್ಕೆಳೆದು ರಬ್ಬರುಗಳನ್ನು ರಿಮ್ಮಿಗೆ ಒತ್ತುವ ಬಗೆಯದು. ವೇಗದಲ್ಲಿದ್ದಾಗ ಹಿಡಿದರೆ ಸದ್ದಿರಲಿಲ್ಲ. ವೇಗ ಇಳಿದು ಇನ್ನೇನು ನಿಲ್ಲಬೇಕು ಎನ್ನುವಾಗ ಒಂದೇ ಶ್ರುತಿಯ ಕೀರಲು ದನಿ ಹೊರಟು, ಚಕ್ರ ನಿಲ್ಲುವವರೆಗೂ ಬಿಡುತ್ತಿರಲಿಲ್ಲ. ಚೀಲಗಳನ್ನು ಹೇರಿದಾಗ ಅದು ಇನ್ನಷ್ಟು ಬೇಗ ಆರಂಭವಾಗಿ ಇನ್ನಷ್ಟು ಜೋರಾಗುತ್ತಿತ್ತು. ಇದನ್ನು ಪೂರ್ತಿ ನಿಲ್ಲಿಸಲು ಮೂರು ಸುತ್ತಿನ ಕೆಲಸ ಬೇಕಾಯಿತು. ಮೊದಲ ಎರಡು ಸುತ್ತುಗಳಲ್ಲಿ ಮಾಡಿದ್ದು ವ್ಯರ್ಥವಲ್ಲ. ಆದರೆ ಮೂರನೆಯ ಸುತ್ತಿನಲ್ಲಿ ನೋಡಿದ್ದನ್ನು ಮೊದಲೇ ನೋಡಿದ್ದರೆ ಎರಡನೆಯ ಸುತ್ತನ್ನು ಎರಡು ಸಲ ಮಾಡಬೇಕಾಗುತ್ತಿರಲಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಸ್ಪ್ಯಾನರ್ ಹಿಡಿಯುವ ಮುಂಚೆ ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು. ಸವಾರನ ಕಿವಿಗೆ ಮುಂದಿನ ಸದ್ದು ಹಿಂದಿನದೆಂದೂ ಹಿಂದಿನದು ಮುಂದಿನದೆಂದೂ ಕೇಳುವುದು ಅಪರೂಪವಲ್ಲ, ಏಕೆಂದರೆ ಟೊಳ್ಳು ಕೊಳವೆಗಳ ಫ್ರೇಮು ಕಂಪನವನ್ನು ಎಲ್ಲೆಡೆಗೂ ಒಯ್ಯುತ್ತದೆ. ಆದ್ದರಿಂದ ಸಮತಟ್ಟಾದ ಖಾಲಿ ರಸ್ತೆಯಲ್ಲಿ ಮೊದಲು ಹಿಂದಿನ ಬ್ರೇಕನ್ನು ಮಾತ್ರ, ಅನಂತರ ಮುಂದಿನದನ್ನು ಮಾತ್ರ ಹಿಡಿದು ನೋಡಿದೆ, ಹಿಂದಿನದು ಮೌನವಾಗಿತ್ತು. ಬಳಿಕ ಸೈಕಲ್ಲಿನಿಂದ ಇಳಿದು, ಪಕ್ಕದಲ್ಲಿ ನಡೆಯುತ್ತಾ ಮುಂದಿನ ಲಿವರನ್ನು ಅರ್ಧ ಹಿಡಿದು ತಳ್ಳಿದಾಗ ಅದೇ ಸದ್ದು ಸಣ್ಣದಾಗಿ ಹೊರಟಿತು. ಆಗ ಬಲಗಡೆಯ ಬ್ರೇಕ್ ತೋಳನ್ನು ಹೊರಭಾಗದಿಂದ ಹೆಬ್ಬೆರಳಿನಿಂದ ಒತ್ತಿದೆ, ಶ್ರುತಿ ಬದಲಾಗಲಿಲ್ಲ. ಎಡಗಡೆಯದನ್ನು ಒತ್ತಿದಾಗ ಸದ್ದು ಅರ್ಧಕ್ಕೆ ಇಳಿಯಿತು. ಈ ಸುಳಿವನ್ನು ನಾನು ಚೀಟಿಯಲ್ಲಿ ಬರೆದುಕೊಂಡೆ, ಆದರೆ ಅದರ ಅರ್ಥವನ್ನು ಆ ದಿನ ತಿಳಿದುಕೊಳ್ಳಲಿಲ್ಲ.

ಬ್ರೇಕು ಏಕೆ ಕಿರುಚುತ್ತದೆ ಎಂಬುದು ಮನಸ್ಸಿನಲ್ಲಿದ್ದರೆ ಮುಂದಿನ ಪ್ರತಿಯೊಂದು ಕೆಲಸಕ್ಕೂ ಕಾರಣ ಸಿಗುತ್ತದೆ. ಒತ್ತಿದ ರಬ್ಬರು ರಿಮ್ಮಿಗೆ ಕಚ್ಚಿಕೊಂಡು ಅದರ ಜೊತೆ ಕೂದಲೆಳೆಯಷ್ಟು ಮುಂದಕ್ಕೆ ಸಾಗುತ್ತದೆ, ಹಾಗೆ ಸಾಗುವಾಗ ಬ್ರೇಕಿನ ತೋಳು ಬಿಲ್ಲಿನಂತೆ ಬಾಗುತ್ತದೆ, ಬಾಗಿದ ತೋಳಿನ ಸೆಳೆತವು ರಬ್ಬರಿನ ಕಚ್ಚನ್ನು ಮೀರಿದ ಕ್ಷಣದಲ್ಲಿ ರಬ್ಬರು ಜಾರಿ ಹಿಂದಕ್ಕೆ ಚಿಮ್ಮುತ್ತದೆ, ಮತ್ತೆ ಕಚ್ಚುತ್ತದೆ. ನಿಂತಿರುವ ವಸ್ತುವನ್ನು ಕದಲಿಸಲು ಬೇಕಾದ ಬಲವು ಜಾರುತ್ತಿರುವುದನ್ನು ಜಾರಿಸುತ್ತಲೇ ಇರಲು ಬೇಕಾದ ಬಲಕ್ಕಿಂತ ಹೆಚ್ಚಾಗಿರುವುದರಿಂದ ಈ ಕಚ್ಚು–ಜಾರು ಆಟ ತಾನಾಗಿಯೇ ಮುಂದುವರಿಯುತ್ತದೆ. ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಸಲ ನಡೆದಾಗ ಅದು ನಮಗೆ ದನಿಯಾಗಿ ಕೇಳುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಇದೇ ಬಗೆಯಲ್ಲಿ. ಕಮಾನಿಗೆ ರಾಳ ಹಚ್ಚುವುದು ಕಚ್ಚು ಹೆಚ್ಚಲೆಂದು. ರಿಮ್ಮಿನ ಮೇಲೆ ಕೂತ ಕಪ್ಪು ಜಿಗುಟು ಪದರವು ನಮಗೆ ಬೇಡವಾದರೂ ಅದೇ ರಾಳದ ಕೆಲಸ ಮಾಡುತ್ತದೆ. ತೆಳುವಾದ ದೊಡ್ಡ ಬಳೆಯಂತಿರುವ ರಿಮ್ಮು ಈ ಕಂಪನವನ್ನು ಗಾಳಿಗೆ ಹರಡಿ, ಸಣ್ಣ ಸದ್ದನ್ನು ಬೀದಿಗೆ ಕೇಳುವಂತೆ ಮಾಡುತ್ತದೆ.

ಇದರಿಂದ ಕೆಲಸ ಮೂರು ಕಡೆ ಇದೆ ಎಂದಾಯಿತು: ರಬ್ಬರು ಮತ್ತು ರಿಮ್ಮು ಮುಟ್ಟುವ ಮೇಲ್ಮೈ, ರಬ್ಬರು ಮುಟ್ಟುವ ಕೋನ, ಮತ್ತು ತೋಳು ಎಷ್ಟು ಸುಲಭವಾಗಿ ಮುಂದೆ ಹಿಂದೆ ಆಡುತ್ತದೆ ಎಂಬುದು. ಬಹುತೇಕರಂತೆ ನಾನೂ ಮೊದಲ ಎರಡಕ್ಕೆ ಕೈ ಹಾಕಿದೆ.

ಮೊದಲ ಸುತ್ತಿನಲ್ಲಿ ಚಕ್ರವನ್ನು ಕಳಚಿ, ಎರಡೂ ರಬ್ಬರುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಬೆರಳಿನಿಂದ ಸವರಿದರೆ ರಬ್ಬರಿನ ಮೃದುತನ ಇರಲಿಲ್ಲ, ಗಟ್ಟಿ ಪ್ಲಾಸ್ಟಿಕ್ಕಿನ ನುಣುಪು ಇತ್ತು. ಹೊರೆ ಹೊತ್ತ ಸೈಕಲ್ಲಿನಲ್ಲಿ ಇದು ಏಕಾಗುತ್ತದೆಂದು ಲೆಕ್ಕ ಹಾಕಿದರೆ ಅಚ್ಚರಿಯಾಗುವುದಿಲ್ಲ. ಸವಾರ, ಸೈಕಲ್ಲು, ಚೀಲ ಸೇರಿ 100 ಕಿಲೋ ಇರುವಾಗ 100 ಮೀಟರು ಎತ್ತರದಿಂದ ಇಳಿದರೆ ಸುಮಾರು 98 ಕಿಲೋಜೂಲು ಶಕ್ತಿ ಬಿಡುಗಡೆಯಾಗುತ್ತದೆ. ಅರ್ಧ ಅರ್ಧ ಕಿಲೋ ತೂಗುವ ಎರಡು ಅಲ್ಯೂಮಿನಿಯಂ ರಿಮ್ಮುಗಳು ಆ ಶಾಖವನ್ನೆಲ್ಲ ಒಮ್ಮೆಗೇ ಹೀರಿಕೊಂಡರೆ ಅವುಗಳ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರಬೇಕು. ನಿಜದಲ್ಲಿ ಗಾಳಿಯ ತಡೆ ಒಂದು ಪಾಲನ್ನು ತಿನ್ನುತ್ತದೆ, ಓಡುವ ಚಕ್ರವನ್ನು ಗಾಳಿಯೇ ತಂಪೂ ಮಾಡುತ್ತದೆ. ಆದರೂ ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಬಿಡದೆ ಮೆಲ್ಲಗೆ ಹಿಡಿದುಕೊಂಡೇ ಇಳಿಯುವವನ ರಬ್ಬರು ಬೇಯುತ್ತದೆ, ಅದರ ಮುಖ ಗಾಜಿನಂತಾಗುತ್ತದೆ. ನಾನು ಇಳಿಯುತ್ತಿದ್ದುದು ಹಾಗೆಯೇ. ಈಗ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಟ್ಟು ತಣಿಸಿ, ಮತ್ತೆ ಹಿಡಿಯುತ್ತೇನೆ.

ಹೊಳಪಿನ ನಡುವೆ ಬೆಳ್ಳಿಯ ಚುಕ್ಕಿಗಳಿದ್ದವು. ಅವು ರಿಮ್ಮಿನಿಂದ ಕಿತ್ತು ಬಂದು ರಬ್ಬರಿನಲ್ಲಿ ಹೂತುಕೊಂಡ ಅಲ್ಯೂಮಿನಿಯಂ ಚೂರುಗಳು. ಮಳೆಯ ದಿನಗಳಲ್ಲಿ ರಸ್ತೆಯ ನುಣ್ಣನೆಯ ಮರಳು ನೀರಿನ ಜೊತೆ ರಿಮ್ಮಿಗೆ ಎರಚಿ, ರಬ್ಬರಿಗೆ ಅಂಟಿ, ರಿಮ್ಮನ್ನು ಕೆರೆಯುತ್ತದೆ; ಕೆರೆದಾಗ ಎದ್ದ ಚೂರು ರಬ್ಬರಿನಲ್ಲಿ ಕೂತು ಇನ್ನಷ್ಟು ಕೆರೆಯುತ್ತದೆ. ದಪ್ಪ ಸೂಜಿಯಿಂದ ಒಂದೊಂದನ್ನೇ ಕೀಳಲು ಅರ್ಧ ಗಂಟೆ ಹಿಡಿಯಿತು. ಎಡ ರಬ್ಬರಿನಲ್ಲಿ ಬಲದ್ದಕ್ಕಿಂತ ಹೆಚ್ಚು ಚೂರುಗಳಿದ್ದವು. ಅದಲ್ಲದೆ ಎಡ ರಬ್ಬರಿನ ಕೆಳ ಅಂಚಿನಲ್ಲಿ ಒಂದು ತುಟಿ ಬೆಳೆದಿತ್ತು. ಅಂದರೆ ರಬ್ಬರು ರಿಮ್ಮಿನ ಪಟ್ಟಿಗಿಂತ ಸ್ವಲ್ಪ ಕೆಳಗೆ ಕೂತು, ಮುಟ್ಟದೆ ಉಳಿದ ಭಾಗ ಸವೆಯದೆ ಚಾಚಿಕೊಂಡಿತ್ತು. ಕ್ಯಾಂಟಿಲಿವರ್ ಬ್ರೇಕಿನಲ್ಲಿ ಇದನ್ನು ಕಡೆಗಣಿಸಬಾರದು. ರಬ್ಬರು ಸವೆದಂತೆ ತೋಳು ಒಳಕ್ಕೆ ಹೆಚ್ಚು ಹೆಚ್ಚು ಸಾಗಬೇಕಾಗುತ್ತದೆ, ಸಾಗುವ ದಾರಿ ಕಮಾನಿನಂತೆ ಕೆಳಮುಖವಾಗಿರುತ್ತದೆ. ನೋಡದೆ ಬಿಟ್ಟರೆ ಒಂದು ದಿನ ರಬ್ಬರು ರಿಮ್ಮಿನ ಕೆಳಗೆ ನುಸುಳಿ ಕಡ್ಡಿಗಳ ಕಡೆಗೆ ಹೋಗಬಹುದು. ಆ ತುಟಿಯನ್ನು ಹರಿತವಾದ ಚಾಕುವಿನಿಂದ ಕೊಯ್ದು ತೆಗೆದೆ.

ಅನಂತರ 80 ನಂಬರಿನ ಎಮರಿ ಪೇಪರನ್ನು ಸಮತಟ್ಟಾದ ಹಲಗೆಯ ಮೇಲೆ ಹಾಸಿ, ರಬ್ಬರಿನ ಮುಖವನ್ನು ಅದರ ಮೇಲೆ ಒಂದೇ ದಿಕ್ಕಿನಲ್ಲಿ ಉಜ್ಜಿದೆ. ಕಾಗದವನ್ನು ಕೈಯಲ್ಲಿ ಹಿಡಿದು ರಬ್ಬರನ್ನು ಉಜ್ಜಿದರೆ ಮುಖ ದುಂಡಗಾಗುತ್ತದೆ, ಹಲಗೆ ಬೇಕು. ಹೊಳಪು ಪೂರ್ತಿ ಹೋಗಿ ಮಸುಕಾದ ಕಪ್ಪು ಬರುವವರೆಗೆ ಉಜ್ಜಿ, ಪುಡಿಯನ್ನು ಒರೆಸಿದೆ.

ರಿಮ್ಮಿನ ಪಟ್ಟಿಯ ಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಎಳೆದಾಗ ಬಟ್ಟೆ ಕಪ್ಪಾಯಿತು. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೂ, ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲಿನಿಂದ, ಒರೆಸುತ್ತಲೇ ಇರಬೇಕು. ಅದೇ ಮಗ್ಗುಲಿನಿಂದ ಒರೆಸಿದರೆ ಕೊಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಳಿದುಕೊಳ್ಳುತ್ತದೆ, ಅಷ್ಟೆ. ಕೆಲವೆಡೆ ಸ್ಪಿರಿಟ್ಟಿಗೂ ಬಗ್ಗದ ರಬ್ಬರಿನ ಕಲೆಗಳಿದ್ದವು. ಅವುಗಳನ್ನು ಪಾತ್ರೆ ಉಜ್ಜುವ ನಾರಿನಿಂದ ಹಗುರವಾಗಿ ತಿಕ್ಕಿ ಮತ್ತೆ ಸ್ಪಿರಿಟ್ಟಿನಿಂದ ಒರೆಸಿದೆ. ಚೈನಿಗೆ ಹಾಕುವ ಎಣ್ಣೆಯ ಸ್ಪ್ರೇ, ತುಕ್ಕು ಬಿಡಿಸುವ ಸ್ಪ್ರೇ, ಟೈರಿಗೆ ಹೊಳಪು ಕೊಡುವ ದ್ರವ, ಇವು ಯಾವುವೂ ಈ ಕೆಲಸದ ಹತ್ತಿರ ಸುಳಿಯಬಾರದು. ರಿಮ್ಮಿಗೆ ಎಣ್ಣೆ ಮುಟ್ಟಿಸಿದರೆ ಸದ್ದು ನಿಲ್ಲುತ್ತದೆ ನಿಜ, ಆದರೆ ಸೈಕಲ್ಲು ನಿಲ್ಲುವುದಿಲ್ಲ. ಈ ಅಪಾಯವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ.

ಚಕ್ರ ಕೈಯಲ್ಲಿದ್ದುದರಿಂದ ರಿಮ್ಮಿನ ಸವೆತವನ್ನೂ ಅಳೆದೆ. ರಿಮ್ ಬ್ರೇಕಿನಲ್ಲಿ ರಿಮ್ಮೇ ಬ್ರೇಕಿನ ಒಂದು ಭಾಗ. ಪ್ರತಿ ಹಿಡಿತಕ್ಕೂ ಅದರ ಗೋಡೆ ತೆಳುವಾಗುತ್ತದೆ, ಬಹಳ ತೆಳುವಾದರೆ ಒಳಗಿನ ಟೈರಿನ ಒತ್ತಡಕ್ಕೇ ಗೋಡೆ ಸೀಳಿ ಹೊರಬರಬಹುದು. ಕೆಲವು ರಿಮ್ಮುಗಳಲ್ಲಿ ಸವೆತ ತಿಳಿಯಲು ಸಣ್ಣ ಗೀರು ಅಥವಾ ಕುಳಿ ಇರುತ್ತದೆ, ನನ್ನದರಲ್ಲಿ ಇರಲಿಲ್ಲ. ಗೋಡೆಯ ಮೇಲಂಚಿನಲ್ಲಿ ಟೈರನ್ನು ಹಿಡಿಯುವ ಕೊಕ್ಕೆ ಇರುವುದರಿಂದ ಕ್ಯಾಲಿಪರಿನ ದವಡೆ ನೇರವಾಗಿ ಗೋಡೆಯನ್ನು ಮುಟ್ಟುವುದಿಲ್ಲ. ಅದಕ್ಕಾಗಿ 2 ಮಿಲಿಮೀಟರು ದಪ್ಪದ ಹಳೆಯ ಕಡ್ಡಿಯಿಂದ ಬೆರಳ ಗೆಣ್ಣಿನಷ್ಟುದ್ದದ ಎರಡು ತುಂಡು ಕತ್ತರಿಸಿ, ಒಂದನ್ನು ಗೋಡೆಯ ಒಳಗೆ, ಇನ್ನೊಂದನ್ನು ಹೊರಗೆ ಇಟ್ಟು, ಮೂರನ್ನೂ ಸೇರಿಸಿ ಅಳೆದು, ಬಂದ ಅಳತೆಯಿಂದ 4 ಮಿಲಿಮೀಟರು ಕಳೆದೆ. ಎಂಟು ಕಡೆ ಅಳೆದಾಗ 1.2ರಿಂದ 1.3 ಮಿಲಿಮೀಟರು ಬಂತು. 1 ಮಿಲಿಮೀಟರಿಗೆ ಇಳಿದರೆ ರಿಮ್ಮನ್ನು ಬದಲಿಸುವುದು ನಾನು ಇಟ್ಟುಕೊಂಡಿರುವ ನಿಯಮ, ಹೊರೆ ಹೊರುವ ಸೈಕಲ್ಲಿಗೆ ಅದಕ್ಕಿಂತ ಸಡಿಲ ನಿಯಮ ಬೇಡವೆಂದು ನನ್ನ ಅಭಿಪ್ರಾಯ. ಚಕ್ರದ ಬೆಂಡು ಅರ್ಧ ಮಿಲಿಮೀಟರಿಗಿಂತ ಕಡಿಮೆ ಇತ್ತು, ಅದನ್ನು ಮುಟ್ಟಲಿಲ್ಲ.

ಎಲ್ಲವನ್ನೂ ಜೋಡಿಸಿ ಓಡಿಸಿದೆ. ಸದ್ದು ತಗ್ಗಿತ್ತು, ಹೋಗಿರಲಿಲ್ಲ.

ಎರಡನೆಯ ಸುತ್ತು ರಬ್ಬರಿನ ಕೋನದ್ದು. ರಬ್ಬರಿನ ಮುಂಭಾಗ, ಅಂದರೆ ಸೈಕಲ್ಲು ಸಾಗುವ ದಿಕ್ಕಿನ ತುದಿ, ರಿಮ್ಮನ್ನು ಮೊದಲು ಮುಟ್ಟಬೇಕು. ಹಿಂದಿನ ತುದಿ ಆ ಹೊತ್ತಿಗೆ ಇನ್ನೂ ಒಂದಿಷ್ಟು ದೂರ ಇರಬೇಕು. ಇದಕ್ಕೆ ಟೋ-ಇನ್ ಎನ್ನುತ್ತಾರೆ. ನಾನು ಇಲ್ಲಿ ಓರೆ ಎಂದು ಬರೆಯುತ್ತೇನೆ. ಇದರ ಹಿಂದಿನ ಕಾರಣ ಸರಳವಾಗಿದೆ. ಬ್ರೇಕು ಇರುವ ಜಾಗದಲ್ಲಿ, ಚಕ್ರದ ಮೇಲ್ಭಾಗದಲ್ಲಿ, ರಿಮ್ಮು ಮುಂದಕ್ಕೆ ಸಾಗುತ್ತಿರುತ್ತದೆ. ಅದು ರಬ್ಬರನ್ನೂ ಮುಂದಕ್ಕೆ ಎಳೆಯುತ್ತದೆ. ರಬ್ಬರು ತೋಳಿನ ಒಳಮಗ್ಗುಲಲ್ಲಿ ಕೂತಿರುವುದರಿಂದ ಈ ಎಳೆತವು ತೋಳನ್ನು ಸ್ವಲ್ಪ ತಿರುಚುತ್ತದೆ, ತಿರುಚಿದಾಗ ರಬ್ಬರಿನ ಮುಂದಿನ ತುದಿ ರಿಮ್ಮಿನಿಂದ ಆಚೆಗೂ ಹಿಂದಿನ ತುದಿ ರಿಮ್ಮಿನ ಕಡೆಗೂ ಹೋಗುತ್ತದೆ. ಮೊದಲೇ ಮುಂದಿನ ತುದಿಯನ್ನು ಒಳಕ್ಕೆ ಇಟ್ಟಿದ್ದರೆ, ತಿರುಚಿದ ಮೇಲೆ ರಬ್ಬರು ಸಪಾಟಾಗಿ ಕೂರುತ್ತದೆ. ಇಟ್ಟಿರದಿದ್ದರೆ ಹಿಂದಿನ ತುದಿ ಮಾತ್ರ ಒತ್ತಿ, ಅಲ್ಲಿ ಕಚ್ಚಿ, ಜಾರಿ, ಕಂಪನ ಹುಟ್ಟುತ್ತದೆ.

ಉದ್ದ ತೋಳುಗಳನ್ನು ಒಂದೇ ಕೇಬಲ್ಲು ಅಡ್ಡಲಾಗಿ ಎಳೆಯುವ ವಿ-ಬ್ರೇಕಿನಲ್ಲಿ ಈ ಕೆಲಸ ಸುಲಭ, ಏಕೆಂದರೆ ಅಲ್ಲಿನ ರಬ್ಬರಿಗೆ ಮರೆ (ತಿರುಪಿನ ಸುತ್ತು) ಇರುವ ದಂಡವೂ ಬಟ್ಟಲಿನಂತಹ ವಾಷರುಗಳೂ ಇರುತ್ತವೆ. ನನ್ನ ಹಳೆಯ ಮಾದರಿಯ ಕ್ಯಾಂಟಿಲಿವರಿನಲ್ಲಿ ರಬ್ಬರಿನ ನುಣುಪು ದಂಡವು ಕಣ್ಣಿರುವ ಬೋಲ್ಟಿನೊಳಗೆ ತೂರಿರುತ್ತದೆ. ಒಂದೇ 10 ಮಿಲಿಮೀಟರಿನ ನಟ್ಟನ್ನು ಸಡಿಲಿಸಿದರೆ ರಬ್ಬರಿನ ಎತ್ತರ, ರಿಮ್ಮಿನಿಂದ ದೂರ, ಓರೆ, ತಿರುಗುವಿಕೆ ನಾಲ್ಕೂ ಒಟ್ಟಿಗೆ ಕೈಬಿಡುತ್ತವೆ. ನಾಲ್ಕನ್ನೂ ಒಟ್ಟಿಗೆ ಹಿಡಿದುಕೊಂಡೇ ಬಿಗಿಯಬೇಕು. ಬಹಳ ಸಲ ಸೋತ ಮೇಲೆ ನಾನು ಕಂಡುಕೊಂಡ ಕ್ರಮ ಇದು. ಮೊದಲು ಕೇಬಲ್ಲನ್ನು ಸಡಿಲಿಸಿ, ರಬ್ಬರಿನ ಹಿಂದಿನ ಕಾಲು ಭಾಗ ಮತ್ತು ರಿಮ್ಮಿನ ನಡುವೆ ಹಳೆಯ ಬ್ಯಾಂಕ್ ಕಾರ್ಡಿನ ತುಂಡೊಂದನ್ನು ಸಿಕ್ಕಿಸುತ್ತೇನೆ. ಆ ಕಾರ್ಡುಗಳ ದಪ್ಪ ಎಲ್ಲೆಡೆ ಒಂದೇ, 0.76 ಮಿಲಿಮೀಟರು, ಆದ್ದರಿಂದ ಎರಡೂ ಬದಿಗೆ ಒಂದೇ ಓರೆ ಬರುತ್ತದೆ. ರಬ್ಬರನ್ನು ಬೆರಳಿನಿಂದ ರಿಮ್ಮಿಗೆ ಒತ್ತಿ, ಮೇಲಂಚು ಟೈರಿಗೆ ತಾಗದಂತೆ ರಿಮ್ಮಿನ ಮೇಲಂಚಿಗಿಂತ ಒಂದು ಮಿಲಿಮೀಟರು ಕೆಳಗಿಟ್ಟು, ನಟ್ಟನ್ನು ಕೈಯಿಂದ ಮುಟ್ಟಿಸುತ್ತೇನೆ. ಸ್ಪ್ಯಾನರಿನಿಂದ ಬಿಗಿಯುವಾಗ ಕಣ್ಣಿನ ಬೋಲ್ಟೂ ಜೊತೆಗೇ ತಿರುಗಲು ನೋಡುತ್ತದೆ. ಅದರ ತಲೆಯನ್ನು 5 ಮಿಲಿಮೀಟರಿನ ಅಲೆನ್ ಕೀಯಿಂದ ಅಲುಗದಂತೆ ಹಿಡಿದಿದ್ದರೆ ಮಾತ್ರ ಕೂಡಿಸಿದ ಓರೆ ಉಳಿಯುತ್ತದೆ. ಬಿಗಿದಾದ ಮೇಲೆ ಕಾರ್ಡನ್ನು ಎಳೆದು, ಲಿವರನ್ನು ಮೆಲ್ಲಗೆ ಹಿಡಿದು, ಮೇಲಿನಿಂದ ನೋಡಬೇಕು: ಮುಂದಿನ ತುದಿ ಮುಟ್ಟಿದಾಗ ಹಿಂದೆ ಬೆಳಕಿನ ಸಣ್ಣ ಸೀಳು ಕಾಣಬೇಕು.

ರಬ್ಬರನ್ನು ಲೋಹದ ಹಿಡಿಯೊಳಗೆ ಜಾರಿಸಿ ಕೂರಿಸುವ ಬಗೆಯದಾಗಿದ್ದರೆ, ಹಿಡಿಯ ಮುಚ್ಚಿದ ತುದಿ ಮುಂದಕ್ಕೇ ಇರಬೇಕು. ತಿರುವುಮುರುವಾಗಿ ಹಾಕಿದರೆ ಎಳೆತಕ್ಕೆ ರಬ್ಬರು ಹಿಡಿಯಿಂದ ಜಾರಿ ಹೊರಬೀಳಬಹುದು, ತಡೆಯಲು ಉಳಿಯುವುದು ಒಂದು ತೆಳು ಪಿನ್ನು ಮಾತ್ರ. ಎಡ ಬಲದ ಹಿಡಿಗಳು ಅದಲುಬದಲಾದಾಗ ಇದು ಸುಲಭವಾಗಿ ಕಣ್ತಪ್ಪುತ್ತದೆ.

ಓರೆ ಕೊಟ್ಟ ಮೇಲೆ ಬ್ರೇಕು ಪೂರ್ತಿ ಮೌನವಾಯಿತು. ನಾಲ್ಕು ದಿನ ಖಾಲಿ ಸೈಕಲ್ಲಿನಲ್ಲಿ ಓಡಾಡಿದೆ, ಒಂದು ಕೀರಲೂ ಇಲ್ಲ. ಕೆಲಸ ಮುಗಿಯಿತೆಂದೇ ನಂಬಿ ಸಾಮಾನನ್ನು ಎತ್ತಿಟ್ಟೆ. ಐದನೆಯ ದಿನ ಮುಂದಿನ ಚೀಲಗಳನ್ನು ಹೇರಿ ಇಳಿಜಾರಿನಲ್ಲಿ ಬ್ರೇಕು ಹಿಡಿದ ಕೂಡಲೇ ಸದ್ದು ಮೊದಲಿನಷ್ಟೇ ಜೋರಾಗಿ ಮರಳಿತು. ನಿಂತು ನೋಡಿದರೆ ಓರೆ ಇಟ್ಟಂತೆಯೇ ಇತ್ತು, ನಟ್ಟು ಬಿಗಿಯಾಗಿತ್ತು, ರಿಮ್ಮು ಶುದ್ಧವಾಗಿತ್ತು. ಓರೆ ಸಾಲದೆಂದುಕೊಂಡು ಮನೆಗೆ ಬಂದು ಎರಡು ಕಾರ್ಡಿನ ದಪ್ಪಕ್ಕೆ ಏರಿಸಿದೆ. ಸದ್ದು ನಿಂತಿತು, ಆದರೆ ಲಿವರು ಸ್ಪಂಜನ್ನು ಹಿಂಡಿದಂತೆ ಮೆತ್ತಗಾಯಿತು, ನಿಲ್ಲಿಸುವ ಬಲ ಎದ್ದು ಕಾಣುವಷ್ಟು ಕಡಿಮೆಯಾಯಿತು. ರಬ್ಬರಿನ ಮುಂದಿನ ಮೂರನೇ ಒಂದು ಭಾಗ ಮಾತ್ರ ಕೆಲಸ ಮಾಡುತ್ತಿದ್ದರೆ ಇನ್ನೇನಾಗುತ್ತದೆ? ಹೊರೆ ಹೊತ್ತ ಸೈಕಲ್ಲಿನಲ್ಲಿ ಮೌನಕ್ಕಾಗಿ ಹಿಡಿತವನ್ನು ಬಿಟ್ಟುಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಅದನ್ನು ಮರುದಿನವೇ ಬಿಚ್ಚಿದೆ.

ಆಗ ಚೀಟಿ ನೆನಪಾಯಿತು: ಎಡ ತೋಳನ್ನು ಒತ್ತಿದಾಗ ಸದ್ದು ಅರ್ಧವಾಗುತ್ತದೆ.

ಮೂರನೆಯ ಸುತ್ತಿನಲ್ಲಿ ಚಕ್ರವನ್ನು ಮತ್ತೆ ಕಳಚಿ, ಎರಡು ತೋಳುಗಳನ್ನೂ ಒಂದೊಂದಾಗಿ ರಬ್ಬರಿನ ಹತ್ತಿರ ಹಿಡಿದು, ಸೈಕಲ್ಲಿನ ಉದ್ದಕ್ಕೆ ಮುಂದೆ ಹಿಂದೆ ಅಲುಗಿಸಿದೆ. ಬಲ ತೋಳು ಬಹುತೇಕ ಕದಲಲಿಲ್ಲ. ಎಡ ತೋಳು ಟಕ್ ಟಕ್ ಎಂದು ಆಡಿತು. ರಬ್ಬರಿನ ತುದಿಯಲ್ಲಿ ಅಳೆದರೆ ಒಂದು ಮಿಲಿಮೀಟರಿಗಿಂತ ಹೆಚ್ಚು. ನಾನು ಕೊಟ್ಟ ಓರೆ ಮುಕ್ಕಾಲು ಮಿಲಿಮೀಟರು, ತೋಳಿನ ಅಲುಗಾಟ ಒಂದು ಮಿಲಿಮೀಟರು. ರಿಮ್ಮು ಎಳೆದ ಕೂಡಲೇ ಸಡಿಲವು ಓರೆಯನ್ನು ಪೂರ್ತಿ ನುಂಗಿ, ರಬ್ಬರು ಹಿಂದಿನ ತುದಿಯ ಮೇಲೆ ಕೂರುತ್ತಿತ್ತು. ಖಾಲಿ ಸೈಕಲ್ಲಿನಲ್ಲಿ ಎಳೆತ ಕಡಿಮೆಯಿದ್ದುದರಿಂದ ಸಡಿಲ ಪೂರ್ತಿ ಬಳಕೆಯಾಗುತ್ತಿರಲಿಲ್ಲ, ಆದ್ದರಿಂದ ಮೌನ. ಹೊರೆ ಬಿದ್ದಾಗ ಪೂರ್ತಿ ಬಳಕೆಯಾಗಿ ಕಿರುಚಾಟ. ಹಾಗೆಯೇ, ಸಡಿಲವಾದ ತೋಳು ಬಿಗಿಯಾದ ತೋಳಿಗಿಂತ ಸುಲಭವಾಗಿ ಕಂಪಿಸುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಸದ್ದು ಇಳಿದದ್ದು ಅದಕ್ಕೆ. ಎಡ ರಬ್ಬರಿನಲ್ಲಿ ಹೆಚ್ಚು ಅಲ್ಯೂಮಿನಿಯಂ ಚೂರುಗಳಿದ್ದುದೂ, ಅದರ ಸವೆತ ಓರೆಕೋರೆಯಾಗಿದ್ದುದೂ ಇದೇ ಸಡಿಲದಿಂದ ಎಂದು ನನಗೀಗ ಅನ್ನಿಸುತ್ತದೆ.

ಕ್ಯಾಂಟಿಲಿವರ್ ತೋಳು ಫೋರ್ಕಿಗೆ ಬೆಸೆದ ಒಂದು ಗೂಟದ ಮೇಲೆ ತಿರುಗುತ್ತದೆ. ಬಾಸ್ ಎಂದು ಅದರ ಹೆಸರು. ಹೊರವ್ಯಾಸ 8 ಮಿಲಿಮೀಟರು, ಒಳಗೆ 6 ಮಿಲಿಮೀಟರಿನ ಬೋಲ್ಟಿಗೆ ಮರೆ. ಬೋಲ್ಟನ್ನು ಬಿಚ್ಚಿ ಎಡ ತೋಳನ್ನು ಎಳೆದಾಗ ಗ್ರೀಸಿನ ಬದಲು ಕಂದು ಬಣ್ಣದ ಒಣ ಪುಡಿ ಉದುರಿತು. ಮಳೆಯ ನೀರು ಒಳಗಿಳಿದು ಗ್ರೀಸನ್ನು ತೊಳೆದಿತ್ತು, ಉಳಿದ ತುಕ್ಕು ಮತ್ತು ಮರಳು ತೋಳಿನ ಒಳಗಿನ ಬುಷ್ಷನ್ನು, ಅಂದರೆ ಗೂಟದ ಸುತ್ತ ಕೂರುವ ಕೊಳವೆಯನ್ನು, ಅರೆದಿದ್ದವು. ಗೂಟವನ್ನು ಒರೆಸಿ ಅಳೆದೆ: 7.95, ಸುತ್ತಲೂ ಒಂದೇ. ಬುಷ್ಷಿನ ಒಳವ್ಯಾಸ ಒಂದು ದಿಕ್ಕಿನಲ್ಲಿ 8.1, ಅದಕ್ಕೆ ಅಡ್ಡಲಾಗಿ 8.3. ಬ್ರೇಕಿನ ಎಳೆತದ ದಿಕ್ಕಿನಲ್ಲಿ ಅದು ಮೊಟ್ಟೆಯಾಕಾರಕ್ಕೆ ಸವೆದಿತ್ತು. ಗೂಟ ಸವೆಯದೆ ಬುಷ್ಷು ಸವೆದದ್ದು ನನ್ನ ಪುಣ್ಯ. ಗೂಟವೇ ಹೋಗಿದ್ದರೆ ಫೋರ್ಕನ್ನು ಬೆಸುಗೆಯವರ ಬಳಿ ಒಯ್ಯಬೇಕಿತ್ತು.

ಬುಷ್ಷಿನ ಒಳಗೆ ತೆಳುವಾದ ಹಿತ್ತಾಳೆಯ ತಗಡನ್ನು ಸುತ್ತಿ ಸಡಿಲ ತುಂಬಬಹುದೆಂದು ಯೋಚಿಸಿ, ಒಂದು ಪಟ್ಟಿ ಕತ್ತರಿಸಿ ತೂರಿಸಿಯೂ ನೋಡಿದೆ. ಮೊಟ್ಟೆಯಾಕಾರದ ರಂಧ್ರಕ್ಕೆ ದುಂಡು ತಗಡು ಎಲ್ಲ ಕಡೆಯೂ ಒಂದೇ ಸಮ ಕೂರುವುದಿಲ್ಲ. ಒಂದೆಡೆ ಬಿಗಿ, ಒಂದೆಡೆ ಸಡಿಲವಾಗಿ ತೋಳು ಹಿಂದಿರುಗುವಾಗ ಅಂಟಿಕೊಳ್ಳುತ್ತಿತ್ತು. ಬ್ರೇಕಿನಲ್ಲಿ ಅಂಟಿಕೊಳ್ಳುವ ತೋಳನ್ನು ಇಟ್ಟುಕೊಳ್ಳಲು ಮನಸ್ಸು ಬರಲಿಲ್ಲ. ಬುಷ್ಷು ಬಿಡಿಯಾಗಿ ಸಿಗದ ಮಾದರಿಯಾದ್ದರಿಂದ ತೋಳುಗಳ ಜೋಡಿಯನ್ನೇ ಹೊಸದಾಗಿ ತಂದೆ. ಒಂದು ಬದಿಗೆ ಹೊಸತು, ಒಂದು ಬದಿಗೆ ಹಳತು ಹಾಕಿದರೆ ಸ್ಪ್ರಿಂಗುಗಳ ಸೆಳೆತ ಬೇರೆ ಬೇರೆಯಾಗಿ ಬ್ರೇಕು ಒಂದೇ ಕಡೆಗೆ ವಾಲುತ್ತದೆ.

ಗೂಟಗಳನ್ನು 400 ನಂಬರಿನ ಕಾಗದದಿಂದ ಸುತ್ತ ಹಗುರವಾಗಿ ಒರೆಸಿ, ಸ್ಪಿರಿಟ್ಟಿನಿಂದ ತೊಳೆದು, ನೀರಿಗೆ ಬಗ್ಗದ ಗ್ರೀಸನ್ನು ತೆಳುವಾಗಿ ಸವರಿದೆ. ಸ್ಪ್ರಿಂಗಿನ ತುದಿಯನ್ನು ಗೂಟದ ಬುಡದಲ್ಲಿರುವ ಮೂರು ರಂಧ್ರಗಳಲ್ಲಿ ನಡುವಿನದಕ್ಕೆ ತೂರಿಸಿ, ಬೋಲ್ಟಿನ ಮರೆಗೆ ಒಂದು ಹನಿ ನೀಲಿ ಲಾಕ್ ಅಂಟು ಹಾಕಿ 6 ನ್ಯೂಟನ್-ಮೀಟರಿಗೆ ಬಿಗಿದೆ. ಇಲ್ಲಿ ಕೈಬಲವನ್ನು ನಂಬಬಾರದು. ಹೆಚ್ಚು ಬಿಗಿದರೆ ಗೂಟದ ಬಾಯಿ ಅಣಬೆಯಂತೆ ಅಗಲವಾಗಿ ತೋಳು ತಿರುಗದಂತಾಗುತ್ತದೆ. 5ರಿಂದ 7 ನ್ಯೂಟನ್-ಮೀಟರು ಸಾಕು. ಬಿಗಿದ ಮೇಲೆ ತೋಳು ತನ್ನಷ್ಟಕ್ಕೆ ಸಲೀಸಾಗಿ ತಿರುಗಬೇಕು, ಆದರೆ ಗೂಟದ ಉದ್ದಕ್ಕೆ ಜಾರಬಾರದು. ಬಲ ತೋಳು ಗೂಟದ ಉದ್ದಕ್ಕೆ ಸ್ವಲ್ಪ ಜಾರುತ್ತಿತ್ತು. ಬೋಲ್ಟಿನ ತಲೆಯ ಕಡೆ, ತೋಳಿನ ಮೇಲೆ ಮಾತ್ರ ಕೂರುವಂತೆ, 0.2 ಮಿಲಿಮೀಟರಿನ ವಾಷರೊಂದನ್ನು ಸೇರಿಸಿದಾಗ ನಿಂತಿತು.

ಈ ನಡುವೆ ಹ್ಯಾಂಡಲಿನ ಕಪ್ಪುಗಳನ್ನೂ, ಅಂದರೆ ಹ್ಯಾಂಡಲು ತಿರುಗುವ ಬೇರಿಂಗಿನ ಬಟ್ಟಲುಗಳನ್ನೂ, ಪರೀಕ್ಷಿಸಿದೆ. ಮುಂದಿನ ಬ್ರೇಕು ಹಿಡಿದು, ಕೆಳಗಿನ ಕಪ್ಪಿನ ಸಂದಿಗೆ ಬೆರಳಿಟ್ಟು, ಸೈಕಲ್ಲನ್ನು ಮುಂದೆ ಹಿಂದೆ ತೂಗಿದರೆ ಸಡಿಲವಿದ್ದಲ್ಲಿ ಬೆರಳಿಗೆ ತಿಳಿಯುತ್ತದೆ, ನನ್ನದರಲ್ಲಿ ಇರಲಿಲ್ಲ. ಕಿರುಚಾಟದ ಜೊತೆ ಕೆಲವರು ಹೇಳುವ ಫೋರ್ಕಿನ ನಡುಕ ಬೇರೆಯ ರೋಗ, ಎರಡನ್ನೂ ಒಂದೆಂದು ತಿಳಿಯಬಾರದು. ಕ್ಯಾಂಟಿಲಿವರಿನ ಕೇಬಲ್ಲಿನ ಹೊರಕವಚವು ಹ್ಯಾಂಡಲಿನ ಕಪ್ಪಿನ ಹತ್ತಿರದ ಕೊಂಡಿಯಲ್ಲಿ ನಿಂತಿದ್ದರೆ, ಬ್ರೇಕಿನ ಬಲಕ್ಕೆ ಫೋರ್ಕು ಹಿಂದಕ್ಕೆ ಬಾಗಿದಾಗ ಕೊಂಡಿಗೂ ಬ್ರೇಕಿಗೂ ನಡುವಿನ ದೂರ ಹೆಚ್ಚಿ ಕೇಬಲ್ಲು ತಾನಾಗಿಯೇ ಬಿಗಿಯುತ್ತದೆ, ಬಿಗಿದಾಗ ಫೋರ್ಕು ಇನ್ನಷ್ಟು ಬಾಗುತ್ತದೆ, ರಬ್ಬರು ಜಾರಿದಾಗ ಎಲ್ಲವೂ ಹಿಂದಕ್ಕೆ ಚಿಮ್ಮುತ್ತದೆ. ಕೈಗೆ ಸೈಕಲ್ಲೇ ಕುಲುಕಿದಂತೆ ಅನ್ನಿಸುತ್ತದೆ. ಅದಕ್ಕೆ ಎಷ್ಟು ಓರೆ ಕೊಟ್ಟರೂ ಪೂರ್ತಿ ಪರಿಹಾರ ಸಿಗುವುದು ಕಷ್ಟ. ಕೊಂಡಿಯನ್ನು ಫೋರ್ಕಿನ ಕಿರೀಟದ, ಅಂದರೆ ಫೋರ್ಕಿನ ಎರಡು ಕಾಲುಗಳು ಸೇರುವ ಜಾಗದ, ಮೇಲಕ್ಕೆ ಇಳಿಸಬೇಕು, ಇಲ್ಲವೇ ಅಂತಹ ಕೊಂಡಿಯೇ ಬೇಡದ ವಿ-ಬ್ರೇಕಿಗೆ ಬದಲಾಗಬೇಕು.

ಕೇಬಲ್ಲನ್ನು ಮತ್ತೆ ಕಟ್ಟುವಾಗ ಎರಡು ತೋಳುಗಳನ್ನು ಸೇರಿಸುವ ಅಡ್ಡತಂತಿಯ ಕೆಳಗೆ ಮಡ್‌ಗಾರ್ಡ್ ಇದೆಯೇ ಎಂದು ನೋಡಿದೆ. ಮುಖ್ಯ ಕೇಬಲ್ಲು ತುಂಡಾದರೆ ಈ ಅಡ್ಡತಂತಿ ಕೆಳಗೆ ಬಿದ್ದು ಟೈರಿನ ಹಲ್ಲಿಗೆ ಸಿಕ್ಕಿ ಚಕ್ರವನ್ನು ಥಟ್ಟನೆ ನಿಲ್ಲಿಸಬಹುದು. ಮುಂದಿನ ಚಕ್ರ ಹಾಗೆ ನಿಂತರೆ ಸವಾರ ತಲೆಕೆಳಗಾಗಿ ಬೀಳುತ್ತಾನೆ. ಮಡ್‌ಗಾರ್ಡ್ ಇಲ್ಲದವರು ರಿಫ್ಲೆಕ್ಟರಿನ ಕಂಬಿಯನ್ನಾದರೂ ಅಲ್ಲಿ ಉಳಿಸಿಕೊಳ್ಳಬೇಕು.

ರಬ್ಬರುಗಳನ್ನೂ ಬದಲಿಸಿದೆ. ಹಳೆಯವನ್ನು ಉಜ್ಜಿದ್ದರೂ ಅವು ಒಳಗಿನವರೆಗೂ ಗಟ್ಟಿಯಾಗಿದ್ದವು, ಉಗುರು ಒತ್ತಿದರೆ ಗುರುತು ಮೂಡುತ್ತಿರಲಿಲ್ಲ. ಕೂಲ್-ಸ್ಟಾಪ್‌ನವರ ಸಾಲ್ಮನ್ ಬಣ್ಣದ ರಬ್ಬರುಗಳನ್ನು ಹಿಂದಿನ ಚಕ್ರದಲ್ಲಿ ಎರಡು ವರ್ಷದಿಂದ ಬಳಸಿದ್ದೇನೆ. ಮಳೆಯಲ್ಲಿ ಅವುಗಳ ಹಿಡಿತ ಚೆನ್ನಾಗಿದೆ, ಬಿಚ್ಚಿ ನೋಡಿದಾಗಲೆಲ್ಲ ಅಲ್ಯೂಮಿನಿಯಂ ಚೂರುಗಳು ಕಡಿಮೆ ಕಂಡಿವೆ. ಮುಂದಕ್ಕೂ ಅವನ್ನೇ ಹಾಕಿದೆ. ಈ ಸಲ ಓರೆಗೆ ಕಾರ್ಡು ಬೇಕಾಗಲಿಲ್ಲ. ಸಾಮಾನ್ಯ ಬರೆಯುವ ಕಾಗದವನ್ನು ಐದು ಪದರ ಮಡಿಸಿ, ಸುಮಾರು ಅರ್ಧ ಮಿಲಿಮೀಟರಿನ ಓರೆ ಕೊಟ್ಟೆ. ಸಡಿಲವಿಲ್ಲದ ತೋಳಿಗೆ ಅಷ್ಟೇ ಸಾಕೆಂದು ಊಹಿಸಿದ್ದೆ, ಊಹೆ ನಿಜವಾಯಿತು.

ಹೊಸ ರಬ್ಬರನ್ನು ರಿಮ್ಮಿಗೆ ಹೊಂದಿಸಲು ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಇಪ್ಪತ್ತು ಸಲ, ಪೂರ್ತಿ ನಿಲ್ಲದಂತೆ, ವೇಗ ಇಳಿಸಿ ಬಿಟ್ಟೆ. ಮೊದಲ ಐದಾರು ಸಲ ಮೆಲ್ಲನೆಯ ಗೊರಗೊರ ಸದ್ದಿತ್ತು, ಅದು ರಬ್ಬರಿನ ಮುಖ ಒರಟಾಗಿರುವಾಗಿನ ಸದ್ದು; ತಾನಾಗಿಯೇ ಹೋಯಿತು. ಅನಂತರ ಮುಂದಿನ ಚೀಲಗಳಿಗೆ 12 ಕಿಲೋ, ಹಿಂದಿನವಕ್ಕೆ 14 ಕಿಲೋ ತುಂಬಿ, ಐದನೆಯ ದಿನ ಸದ್ದು ಮರಳಿದ ಅದೇ ಇಳಿಜಾರಿನಲ್ಲಿ ಮೂರು ಸಲ ಇಳಿದೆ. ಗಾಳಿಯ ಸದ್ದು, ಟೈರಿನ ಸದ್ದು, ಅಷ್ಟೇ. ಮರುವಾರ ಜೋರು ಮಳೆಯಲ್ಲಿಯೂ ಹೋಗಿ ಬಂದೆ. ಒದ್ದೆ ರಿಮ್ಮಿನ ಮೇಲೆ ಮೊದಲ ಒಂದೆರಡು ಸುತ್ತು ರಬ್ಬರು ನೀರು ಒರೆಸುವ ಸುಂಯ್ ಎಂಬ ಸದ್ದು ಬಂತು, ಕಿರುಚಾಟ ಬರಲಿಲ್ಲ.

ಉಳಿದಿರುವುದು ಒಂದೇ: ಚಕ್ರ ಒಂದು ಸುತ್ತು ತಿರುಗಿದಾಗ ಒಮ್ಮೆ ಟಿಕ್ ಎನ್ನುವ ಸಣ್ಣ ಸದ್ದು. ರಿಮ್ಮಿನ ಎರಡು ತುದಿಗಳು ಸೇರುವ ಬೆಸುಗೆಯ ಜಾಗದಲ್ಲಿ ಬೆರಳ ತುದಿಗೆ ತಿಳಿಯುವಷ್ಟು ಉಬ್ಬಿದೆ. ಅದನ್ನು ಅರದಿಂದ ತೆಗೆಯುವುದು ಬೇಡವೆಂದು ಬಿಟ್ಟೆ, ಏಕೆಂದರೆ 1.2 ಮಿಲಿಮೀಟರಿನ ಗೋಡೆಯಿಂದ ಕೈಯಾರೆ ಲೋಹ ಕಳೆಯಲು ನನಗೆ ಇಷ್ಟವಿಲ್ಲ. ರಬ್ಬರು ಅದನ್ನು ಮೆಲ್ಲಗೆ ಸವೆಸಿಕೊಳ್ಳಲಿ. 500 ಕಿಲೋಮೀಟರು ಓಡಿದ ಮೇಲೆ ರಬ್ಬರುಗಳನ್ನು ಬಿಚ್ಚಿ ನೋಡಿದಾಗ ಎರಡರ ಮುಖವೂ ಒಂದೇ ಸಮ ಸವೆದಿತ್ತು, ಎಡದ್ದರಲ್ಲಿ ಒಂದೇ ಒಂದು ಬೆಳ್ಳಿ ಚುಕ್ಕಿ ಇತ್ತು, ಎರಡು ತೋಳುಗಳೂ ಅಲುಗುತ್ತಿರಲಿಲ್ಲ. ಗೂಟಗಳಿಗೆ ಪ್ರತಿ ಮಳೆಯ ಕೊನೆಯಲ್ಲಿ ಹೊಸ ಗ್ರೀಸು ಎಂದು ಚೀಟಿಯಲ್ಲಿ ಸೇರಿಸಿಕೊಂಡೆ, ಗೋಡೆಯ ದಪ್ಪವನ್ನು ದಿನಾಂಕದೊಂದಿಗೆ ಟೈರಿನ ಒಳಗಿರುವ ರಿಮ್ ಟೇಪಿನ ಮೇಲೆ ಬರೆದು ಚಕ್ರವನ್ನು ಮುಚ್ಚಿದೆ.